ಯುದ್ಧದ ನಡುವೆ ಬ್ಯಾಂಕಿಗೆ ಕನ್ನ: ‘ಕೆಲ್ಲೀಸ್ ಹೀರೋಸ್’ ಇವತ್ತಿಗೂ ಯಾಕೆ ಹಿಡಿದು ಕೂರಿಸುತ್ತೆ?

ಹಳೇರೀಲು

ಎಲ್ಲರಿಗೂ ನಮಸ್ಕಾರ. ಮೊನ್ನೆ ಭಾನುವಾರ ಮತ್ತೆ ‘ಕೆಲ್ಲೀಸ್ ಹೀರೋಸ್’ ನೋಡಿದೆ. ಎಷ್ಟನೇ ಸಲ ಅಂತ ಲೆಕ್ಕ ಇಟ್ಟಿಲ್ಲ. ಮೊದಲ ಸಲ ನೋಡಿದ್ದು ಮಾತ್ರ ಚೆನ್ನಾಗಿ ನೆನಪಿದೆ. ತೊಂಬತ್ತರ ದಶಕ, ನಮ್ಮ ಮನೆಗೆ ಕೇಬಲ್ ಬಂದ ಹೊಸದು. ಕಾರ್ಟೂನ್ ನೆಟ್‌ವರ್ಕ್ ರಾತ್ರಿ ಮುಗಿದ ಮೇಲೆ ಅದೇ ಚಾನೆಲ್‌ನಲ್ಲಿ ಟಿಎನ್‌ಟಿ ಶುರುವಾಗುತ್ತಿತ್ತು, ಹಳೇ ಎಂಜಿಎಂ ಸಿನಿಮಾಗಳು ಬರುತ್ತಿದ್ದವು. ಅಮ್ಮ ಟಿವಿ ಆರಿಸು ಅಂತ ಒಳಗಿನಿಂದ ಕೂಗುತ್ತಿದ್ದರು. ತೆರೆಯ ಮೇಲೆ ಸುರಿಯುವ ಮಳೆ, ಸುತ್ತ ಜರ್ಮನ್ ಸೈನಿಕರು, ಅವರ ನಡುವೆ ಒಂದು ಜೀಪು. ಜೀಪಿನಲ್ಲಿ ಸದ್ದಿಲ್ಲದೆ ಕೂತ ಕ್ಲಿಂಟ್ ಈಸ್ಟ್‌ವುಡ್. ಟಿವಿ ಆರಿಸಲು ಕೈ ಬರಲಿಲ್ಲ.

ನೋಡದವರಿಗೆ ಕಥೆ ಹೇಳಿಬಿಡುತ್ತೇನೆ. 1944, ಫ್ರಾನ್ಸ್. ಮಿತ್ರಪಡೆಗಳು ನಾರ್ಮಂಡಿಯಲ್ಲಿ ಇಳಿದು ಕೆಲವು ತಿಂಗಳಾಗಿದೆ. ಕೆಲ್ಲಿ ಅನ್ನುವ ಅಮೆರಿಕದ ಸೈನಿಕ ಒಬ್ಬ ಜರ್ಮನ್ ಕರ್ನಲ್‌ನನ್ನು ಹಿಡಿಯುತ್ತಾನೆ. ಅವನ ಚೀಲದಲ್ಲಿ ಸೀಸ ಬಳಿದ ಒಂದು ಗಟ್ಟಿ. ಕೆರೆದು ನೋಡಿದರೆ ಚಿನ್ನ! ಕರ್ನಲ್‌ಗೆ ಕುಡಿಸಿ ಕುಡಿಸಿ ಬಾಯಿ ಬಿಡಿಸುತ್ತಾನೆ. ಶತ್ರುಗಳ ಗಡಿಯಿಂದ ಮೂವತ್ತು ಮೈಲಿ ಒಳಗೆ ಕ್ಲೆರ್ಮಾಂಟ್ ಅನ್ನುವ ಊರು, ಅಲ್ಲಿನ ಬ್ಯಾಂಕಿನಲ್ಲಿ 14,000 ಗಟ್ಟಿ. ಬೆಲೆ 1 ಕೋಟಿ 60 ಲಕ್ಷ ಡಾಲರ್. ಕೆಲ್ಲಿಯ ಪಡೆಗೆ ಮೂರು ದಿನ ವಿಶ್ರಾಂತಿ ಸಿಕ್ಕಿದೆ, ಕ್ಯಾಪ್ಟನ್ ತನ್ನ ಸ್ವಂತ ಕೆಲಸದ ಮೇಲೆ ಹೊರಟುಹೋಗಿದ್ದಾನೆ. ಆ ಮೂರು ದಿನದಲ್ಲಿ ಹೋಗಿ ಕನ್ನ ಹಾಕಿ ಬರುವುದು, ಇಷ್ಟೇ ಯೋಜನೆ.

ಇದು 1970ರ ಸಿನಿಮಾ. ನಿರ್ದೇಶಕ ಬ್ರಯಾನ್ ಹಟನ್. ಎರಡು ವರ್ಷ ಹಿಂದೆ ಇದೇ ಈಸ್ಟ್‌ವುಡ್ ಜೊತೆ ‘ವೇರ್ ಈಗಲ್ಸ್ ಡೇರ್’ ಮಾಡಿದವರು. ಚಿತ್ರಕಥೆ ಟ್ರಾಯ್ ಕೆನಡಿ ಮಾರ್ಟಿನ್ ಅವರದು, ‘ದಿ ಇಟಾಲಿಯನ್ ಜಾಬ್’ ಬರೆದದ್ದೂ ಅವರೇ. ಯುದ್ಧ ಗೊತ್ತಿರುವ ನಿರ್ದೇಶಕ, ದರೋಡೆ ಗೊತ್ತಿರುವ ಬರಹಗಾರ.

ಈ ಸಲ ನೋಡುವಾಗ ನನಗೆ ಒಂದು ವಿಷಯ ಹೊಳೆಯಿತು, ಅದಕ್ಕೇ ಈ ಚರ್ಚೆ ಶುರು ಮಾಡಿದೆ. ಸಿನಿಮಾದ ಮೊದಲ ಅರ್ಧ ಗಂಟೆಯಲ್ಲಿ ಈ ಹುಡುಗರು ಹೇಗಿದ್ದಾರೆ ನೋಡಿ. ಒದ್ದೆ, ಕೊಳಕು, ನಿದ್ದೆ ಇಲ್ಲ. ಅವರ ಮೇಲೆ ಬೀಳುತ್ತಿರುವ ಶೆಲ್ಲು ಕೂಡ ಅವರದೇ ಸೇನೆಯದ್ದು. ಕೆಲ್ಲಿ ಮೊದಲು ಲೆಫ್ಟಿನೆಂಟ್ ಆಗಿದ್ದವನು. ಮೇಲಿನವರು ಕೊಟ್ಟ ತಪ್ಪು ಆದೇಶದಿಂದ ತಮ್ಮದೇ ಕಡೆಯವರು ಸತ್ತರು, ಹೊಣೆ ಬಂದದ್ದು ಇವನ ತಲೆಗೆ. ಆಮೇಲೆ ಚಿನ್ನದ ಮಾತು ಬರುತ್ತೆ. ಇದ್ದಕ್ಕಿದ್ದ ಹಾಗೆ ಇದೇ ಹುಡುಗರು ನಕ್ಷೆ ಬಿಡಿಸುತ್ತಾರೆ, ಸಾಮಾನು ಹೊಂದಿಸುತ್ತಾರೆ, ಒಬ್ಬರ ಮಾತು ಒಬ್ಬರು ಕೇಳುತ್ತಾರೆ. ಅವರು ಮಾಡುವ ಕೆಲಸ ಯುದ್ಧದ ಕೆಲಸವೇ. ಅದೇ ಬಂದೂಕು, ಅದೇ ಟ್ಯಾಂಕು, ಅದೇ ಸಾವಿನ ಭಯ. ಬದಲಾಗಿದ್ದು ಕಾರಣ ಒಂದೇ. ಈ ಸಲ ಕಾರಣ ಅವರದ್ದು.

ಇನ್ನೂ ಚೆಂದ ಏನು ಗೊತ್ತಾ? ದೂರದಲ್ಲಿ ಕೂತ ಜನರಲ್ ಕೋಲ್ಟ್ ರೇಡಿಯೋದಲ್ಲಿ ಇವರ ಮಾತು ಕೇಳಿಸಿಕೊಂಡು, ಆಹಾ, ಎಂಥಾ ವೀರರು, ಆದೇಶಕ್ಕೂ ಕಾಯದೆ ನುಗ್ಗುತ್ತಿದ್ದಾರೆ ಅಂತ ಪದಕ ತಗೊಂಡು ಓಡಿ ಬರುತ್ತಾನೆ. ದೇಶಭಕ್ತಿಗೂ ದರೋಡೆಗೂ ವ್ಯತ್ಯಾಸ ಅವನಿಗೆ ಗೊತ್ತೇ ಆಗಲ್ಲ. ನಗು ಹುಟ್ಟುವುದು ಅಲ್ಲಿ. ನೀವೇನಂತೀರಿ?

ಸೀಬೆಹಣ್ಣು

ನನಗೆ ಈ ಸಿನಿಮಾ ಅಂದರೆ ಕೆಲ್ಲಿಯ ಜೊತೆ ಸೇರುವ ಟ್ಯಾಂಕ್ ಪಡೆಯ ನಾಯಕ ಆಡ್‌ಬಾಲ್ ಅಷ್ಟೇ ಸಾರ್. ಆ ಪಾತ್ರದಲ್ಲಿ ಡೊನಾಲ್ಡ್ ಸದರ್ಲ್ಯಾಂಡ್ ಬಿಸಿಲಿಗೆ ಮೈಯೊಡ್ಡಿ ಮಲಗಿಕೊಂಡು, ಬೇಜಾರಿನ ಮಾತು ಆಡಬೇಡ ಕಣೋ ಅಂತ ಪಕ್ಕದವನಿಗೆ ಬುದ್ಧಿ ಹೇಳೋದು! 1944ರಲ್ಲಿ ಹಿಪ್ಪಿ ಎಲ್ಲಿದ್ದ ಅಂತ ಕೇಳಬಹುದು. ಆದರೆ ಸಿನಿಮಾ ಬಂದಿದ್ದು 1970ರಲ್ಲಿ, ವಿಯೆಟ್ನಾಂ ಯುದ್ಧ ನಡೆಯುತ್ತಿದ್ದಾಗ. ನೋಡಲು ಬಂದ ಎಷ್ಟೋ ಹುಡುಗರ ಮನೆಗೆ ಸೇನೆಗೆ ಸೇರಲು ಕರೆ ಬಂದಿರುತ್ತಿತ್ತು. ಅವರಿಗೆ ಆಡ್‌ಬಾಲ್ ತಮ್ಮ ಬೀದಿಯ ಗೆಳೆಯನ ಹಾಗೆ ಕಂಡಿರಬೇಕು.

ಅದೇ ವರ್ಷ ‘ಮ್ಯಾಶ್’ ಕೂಡ ಬಂತು, ಅದರಲ್ಲೂ ಸದರ್ಲ್ಯಾಂಡ್. ಹಳೇ ಯುದ್ಧದ ಬಟ್ಟೆ ಹಾಕಿಸಿ ಹೊಸ ಯುದ್ಧದ ಬಗ್ಗೆ ಮಾತಾಡಿದ ಸಿನಿಮಾಗಳು ಇವು. ಇನ್ನೊಂದು ವಿಷಯ. ಈ ಶೂಟಿಂಗ್ ನಡುವೆ ಸದರ್ಲ್ಯಾಂಡ್‌ಗೆ ಮೆನಿಂಜೈಟಿಸ್ ಆಗಿ, ಪ್ರಜ್ಞೆ ತಪ್ಪಿ, ಬದುಕುವುದೇ ಕಷ್ಟ ಅನ್ನುವ ಹಾಗಾಗಿತ್ತು. ಗುಣವಾಗಿ ವಾಪಸ್ ಬಂದು ಪಾತ್ರ ಮುಗಿಸಿದರು. ಆ ನಗುಮುಖದ ಹಿಂದೆ ಅಷ್ಟು ನೋವಿತ್ತು. 2024ರಲ್ಲಿ ಅವರು ಹೋದಾಗ ನಾನು ಮೊದಲು ಹಾಕಿಕೊಂಡು ನೋಡಿದ್ದು ಈ ಸಿನಿಮಾನೇ.

ಟ್ಯಾಂಕ್ ಹುಚ್ಚು

ಟ್ಯಾಂಕಿನ ಮಾತು ಬಂತಲ್ಲ, ನಾನು ಸುಮ್ನೆ ಇರಲು ಆಗಲ್ಲ.

ಕಥೆ ಫ್ರಾನ್ಸಿನದು, ಆದರೆ ಚಿತ್ರೀಕರಣ ಆಗಿದ್ದು ಯುಗೊಸ್ಲಾವಿಯಾದಲ್ಲಿ. ಕ್ಲೆರ್ಮಾಂಟ್ ಅಂತ ತೋರಿಸುವುದು ಇಸ್ಟ್ರಿಯಾದ ವಿಝಿನಾದ ಅನ್ನುವ ಪುಟ್ಟ ಊರನ್ನು. ಈಗ ಅದು ಕ್ರೊಯೇಷಿಯಾದಲ್ಲಿದೆ. ಅಲ್ಲಿಗೇ ಹೋಗಲು ದೊಡ್ಡ ಕಾರಣ ಅಮೆರಿಕದ ಷರ್ಮನ್ ಟ್ಯಾಂಕುಗಳು. 1948ರಲ್ಲಿ ಯುಗೊಸ್ಲಾವಿಯಾದ ಟಿಟೋ ಮತ್ತು ಸೋವಿಯತ್‌ನ ಸ್ಟಾಲಿನ್ ನಡುವೆ ಒಡೆದುಹೋಯಿತು. ಆಮೇಲೆ ಐವತ್ತರ ದಶಕದಲ್ಲಿ ಅಮೆರಿಕ ಯುಗೊಸ್ಲಾವಿಯಾಗೆ ಷರ್ಮನ್‌ಗಳನ್ನು ಕೊಟ್ಟಿತು. 1969ರಲ್ಲಿ ಬೇರೆ ಎಷ್ಟೋ ಕಡೆ ಅವು ಗುಜರಿ ಸೇರಿದ್ದರೂ ಅಲ್ಲಿ ಇನ್ನೂ ಓಡುತ್ತಿದ್ದವು. ಅಂದರೆ ಶೀತಲ ಸಮರದ ರಾಜಕೀಯ ಇಲ್ಲದಿದ್ದರೆ ಆಡ್‌ಬಾಲ್‌ಗೆ ಟ್ಯಾಂಕೇ ಸಿಗುತ್ತಿರಲಿಲ್ಲ.

ಜರ್ಮನರ ಟೈಗರ್ ಟ್ಯಾಂಕುಗಳು ನಿಜವಾದವಲ್ಲ. ಸೋವಿಯತ್‌ನ ಟಿ-34 ಟ್ಯಾಂಕಿನ ಮೇಲೆ ತಗಡಿನ ಮೈ ಕೂರಿಸಿದ್ದಾರೆ. ಎಷ್ಟು ಚೆನ್ನಾಗಿ ಮಾಡಿದ್ದಾರೆ ಅಂದರೆ ಮೇಲ್ಭಾಗ ನೋಡಿ ಹಿಡಿಯುವುದು ಕಷ್ಟ. ಚಕ್ರ ನೋಡಿ. ನಿಜವಾದ ಟೈಗರ್‌ನ ಚಕ್ರಗಳು ಒಂದರ ಮೇಲೊಂದು ಹೆಣೆದುಕೊಂಡಿರುತ್ತವೆ. ಟಿ-34ರಲ್ಲಿ ಐದು ದೊಡ್ಡ ಚಕ್ರ, ಬಿಡಿ ಬಿಡಿ. ಅಲ್ಲಿ ಸಿಕ್ಕಿಬೀಳುತ್ತೆ. ಆದರೂ ನನಗೆ ಬೇಜಾರಿಲ್ಲ. ಆ ಕಾಲದ ಎಷ್ಟೋ ದೊಡ್ಡ ಸಿನಿಮಾಗಳಲ್ಲಿ ಹೊಸ ಅಮೆರಿಕನ್ ಟ್ಯಾಂಕಿಗೆ ಬೂದು ಬಣ್ಣ ಬಳಿದು, ಇದೇ ಜರ್ಮನ್ ಟ್ಯಾಂಕು ಅಂತ ತೋರಿಸಿಬಿಡುತ್ತಿದ್ದರು. ಇವರು ಕಷ್ಟಪಟ್ಟಿದ್ದಾರೆ.

ಮುಖ್ಯ ವಿಷಯ ಬೇರೆ. ಹಳೇರೀಲು ಅವರೇ, ನೀವು ದರೋಡೆ ಅಂದಿರಿ. ಕ್ಲೆರ್ಮಾಂಟ್ ಊರಿನ ಕಾಳಗವನ್ನು ದರೋಡೆ ಅಂತಲೇ ನೋಡಿ, ಎಷ್ಟು ಜಾಣತನ ಇದೆ ಅಂತ ಗೊತ್ತಾಗುತ್ತೆ. ಟೈಗರ್‌ಗೆ ಎದುರು ನಿಂತರೆ ಷರ್ಮನ್‌ಗೆ ಉಳಿಗಾಲ ಇಲ್ಲ. ಟೈಗರ್‌ನ ಮುಂಭಾಗದ ಉಕ್ಕು 100 ಮಿಲಿಮೀಟರ್ ದಪ್ಪ, ತೂಕ 57 ಟನ್. ಹಾಗಾಗಿ ಹಿಂದಿನಿಂದ ಹೋಗಬೇಕು, ಹತ್ತಿರ ಹೋಗಬೇಕು. ಹತ್ತಿರ ಹೋದರೆ ಇಂಜಿನ್ ಸದ್ದು ಕೇಳುತ್ತೆ. ಅದಕ್ಕೆ ಇವರು ಚರ್ಚಿನ ಗಂಟೆ ಬಾರಿಸುತ್ತಾರೆ! ಗಂಟೆಯ ಸದ್ದಿನಲ್ಲಿ ಟ್ಯಾಂಕಿನ ಸದ್ದು ಮುಳುಗಿಹೋಗುತ್ತೆ. ಇಕ್ಕಟ್ಟಾದ ಓಣಿಯಲ್ಲಿ ಟೈಗರ್ ತನ್ನ ಉದ್ದದ ಫಿರಂಗಿ ತಿರುಗಿಸಲು ಹೋಗಿ ಗೋಡೆಗೆ ತಗುಲಿ ಸಿಕ್ಕಿಕೊಳ್ಳುತ್ತೆ. ಕಳ್ಳ ಬೀಗ ತೆಗೆಯುವ ಹಾಗೆ ಊರನ್ನೇ ತೆಗೆಯುತ್ತಾರೆ. ಆಡ್‌ಬಾಲ್‌ನ ಉಪಾಯಗಳೂ ಅಂಥವೇ. ಫಿರಂಗಿ ದೊಡ್ಡದಾಗಿ ಕಾಣಲಿ ಅಂತ ತುದಿಗೆ ಪೈಪು ಸಿಕ್ಕಿಸಿದ್ದಾನೆ. ಬಣ್ಣ ತುಂಬಿದ ಶೆಲ್ಲು ಹಾರಿಸುತ್ತಾನೆ. ಟ್ಯಾಂಕಿಗೆ ಸ್ಪೀಕರ್ ಕಟ್ಟಿ ಹಾಡು ಹಾಕಿಕೊಂಡು ನುಗ್ಗುತ್ತಾನೆ. ಬಲ ಕಡಿಮೆ ಇರುವವನ ಯುದ್ಧ ಇದು, ಎದುರಿನವನನ್ನು ಕಂಗಾಲು ಮಾಡಿಯೇ ಗೆಲ್ಲಬೇಕು.

ಮಂಜಿನೂರು

ನಾನು ಮಡಿಕೇರಿ ಹತ್ತಿರದವನು. ಇಪ್ಪತ್ತೆರಡು ವರ್ಷ ಫೌಜಿನಲ್ಲಿದ್ದು ಬಂದೆ. ಮಗ ಈ ಚರ್ಚೆ ತೋರಿಸಿದ. ಸಿನಿಮಾ ನಾನೂ ನೋಡಿದ್ದೇನೆ, ಯೂನಿಟ್‌ನಲ್ಲಿ ಪರದೆ ಕಟ್ಟಿ ತೋರಿಸಿದ್ದರು. ಜವಾನರು ಯಾವ ಜಾಗದಲ್ಲಿ ನಕ್ಕರು ಅಂತ ಹೇಳಬೇಕು ಅನ್ನಿಸಿತು.

ಎಲ್ಲರಿಗಿಂತ ಜಾಸ್ತಿ ನಗು ಬಂದಿದ್ದು ಸ್ಟೋರ್ ಸಾರ್ಜೆಂಟ್‌ಗೆ. ಕ್ರ್ಯಾಪ್‌ಗೇಮ್ ಅಂತ ಅವನ ಹೆಸರು, ಡಾನ್ ರಿಕಲ್ಸ್ ಮಾಡಿದ್ದಾರೆ. ಯಾವ ದೇಶದ ಸೇನೆ ಆದರೂ ಸ್ಟೋರ್ ನೋಡಿಕೊಳ್ಳುವವನು ಒಬ್ಬ ಇರುತ್ತಾನೆ. ಯಾವ ಸಾಮಾನು ಎಲ್ಲಿದೆ ಅಂತ ಅವನಿಗೆ ಒಬ್ಬನಿಗೇ ಗೊತ್ತು. ಅವನ ಕೈಲಿ ಒಂದು ಜೊತೆ ಬೂಟು ಬಿಡಿಸಿಕೊಳ್ಳಲು ಎಷ್ಟು ಪಾಡು ಪಡಬೇಕು ಅಂತ ನಮಗೆ ಗೊತ್ತು. ಆ ಪಾತ್ರ ತೆರೆಗೆ ಬಂದ ಕೂಡಲೇ ಇಡೀ ಕಂಪನಿ ಹೋ ಅಂತು.

ಹಾಡು ಹಾಕಿಕೊಂಡು ಟ್ಯಾಂಕ್ ಓಡಿಸಿದಾಗಲೂ ಸಿಳ್ಳೆ ಬಂತು. ಆದರೆ ಮೈನ್, ಅಂದರೆ ನೆಲದಲ್ಲಿ ಹೂತಿಟ್ಟ ಸ್ಫೋಟಕ, ಇರುವ ಹೊಲದ ದೃಶ್ಯ ಬಂದಾಗ ಇಡೀ ಮೈದಾನ ನಿಶ್ಶಬ್ದ ಆಯಿತು. ಅಲ್ಲಿ ಒಂದು ಸಾಲು ಸೈನಿಕರು ನಡೆದು ಹೋಗುತ್ತಿದ್ದಾರೆ. ಒಬ್ಬನ ಕಾಲ ಕೆಳಗೆ ಸಿಡಿಯುತ್ತೆ. ಉಳಿದವರು ನಿಂತಲ್ಲೇ ಮಲಗಿ, ಬಯೊನೆಟ್ ತುದಿಯಿಂದ ಮಣ್ಣು ಚುಚ್ಚಿ ಚುಚ್ಚಿ ಅಂಗುಲ ಅಂಗುಲ ಮುಂದೆ ಹೋಗುತ್ತಾರೆ. ನಮಗೂ ಕಲಿಸಿದ್ದು ಹೀಗೇ. ಬಯೊನೆಟ್ ನೇರ ಇಳಿಸಬಾರದು, ಓರೆಯಾಗಿ ಹಿಡಿಯಬೇಕು. ಮೈನಿನ ಪಕ್ಕಕ್ಕೆ ತಾಗಬೇಕು, ನೆತ್ತಿಗೆ ತಾಗಬಾರದು. ಆಗ ಮೈಯಲ್ಲಿ ಬರುವ ಬೆವರು ಬೇರೆ ಯಾವ ಕೆಲಸದಲ್ಲೂ ಬರಲ್ಲ. ಇವರು ಇನ್ನೂ ಹೊಲದಲ್ಲಿ ಇರುವಾಗಲೇ ಜರ್ಮನ್ ಗಸ್ತು ಬರುತ್ತೆ. ಹೊಲದ ಒಳಗೆ ಸಿಕ್ಕಿಕೊಂಡ ಇನ್ನಿಬ್ಬರು ಅಲ್ಲಿಂದಲೇ ಗುಂಡು ಹಾರಿಸುತ್ತಾ ಸಾಯುತ್ತಾರೆ.

ಅದಕ್ಕೂ ಮೊದಲು ಅವರದೇ ವಿಮಾನ ಬಂದು ಅವರ ಗಾಡಿಗಳನ್ನು ಸುಟ್ಟುಹಾಕಿ ಹೋಗಿರುತ್ತೆ. ಹಾಗಾಗಿಯೇ ನಡೆದು ಬಂದದ್ದು, ಹಾಗಾಗಿಯೇ ಆ ಹೊಲಕ್ಕೆ ಕಾಲಿಟ್ಟದ್ದು. ಅಂಥದ್ದು ಯುದ್ಧದಲ್ಲಿ ಆಗುತ್ತೆ, ಮಕ್ಕಳೇ. ಬರೆದವರು ಗೊತ್ತಿದ್ದೇ ಬರೆದಿದ್ದಾರೆ.

ಹಳೇರೀಲು

ಮಂಜಿನೂರು ಸಾರ್, ನೀವು ಬರೆದಿದ್ದಕ್ಕೆ ತುಂಬಾ ಥ್ಯಾಂಕ್ಸ್. ಚಿಕ್ಕವನಿದ್ದಾಗ ಆ ಹೊಲದ ದೃಶ್ಯ ಬಂದರೆ ನಾನು ನೀರು ಕುಡಿಯಲು ಎದ್ದು ಹೋಗುತ್ತಿದ್ದೆ. ನಗಿಸುತ್ತಿದ್ದ ಸಿನಿಮಾ ಯಾಕೆ ಹೀಗೆ ಮಾಡಿತು ಅಂತ ಸಿಟ್ಟು ಬರುತ್ತಿತ್ತು. ಈಗ ಅನ್ನಿಸುತ್ತೆ, ಆ ಹತ್ತು ನಿಮಿಷ ಇಲ್ಲದಿದ್ದರೆ ಸಿನಿಮಾ ಬರೀ ತಮಾಷೆ ಆಗಿಬಿಡುತ್ತಿತ್ತು. ಆ ಮೂವರು ಸತ್ತ ಮೇಲೆ ಅವರ ಸಾರ್ಜೆಂಟ್ ಬಿಗ್ ಜೋ ಮುಖ ನೋಡಿ. ಟೆಲ್ಲಿ ಸವಾಲಸ್ ಒಂದೂ ಮಾತಾಡದೆ ನಿಲ್ಲುತ್ತಾರೆ. ಮೊದಲಿನಿಂದಲೂ ಅವನಿಗೆ ಚಿನ್ನ ಬೇಕಿರಲಿಲ್ಲ. ತನ್ನ ಹುಡುಗರು ಜೀವಂತವಾಗಿ ಮನೆಗೆ ಹೋಗಬೇಕು, ಅಷ್ಟೇ. ನನ್ನ ಪ್ರಕಾರ ಸಿನಿಮಾದ ಹೃದಯ ಅವನು. ಈಸ್ಟ್‌ವುಡ್ ಪಾತ್ರ ದಾರಿ ತೋರಿಸುತ್ತೆ, ಆಡ್‌ಬಾಲ್ ನಗಿಸುತ್ತಾನೆ. ಆದರೆ ಹೋಗೋಣ ಅಂತ ಬಿಗ್ ಜೋ ಒಪ್ಪಿದಾಗ ಮಾತ್ರ ನಾವೂ ಒಪ್ಪುತ್ತೇವೆ.

ರಾತ್ರಿಪಾಳಿ

ನಾನು ಸ್ವಲ್ಪ ಬೇರೆ ಮಾತಾಡಬೇಕು. ಯಾರಿಗೂ ಬೇಜಾರು ಮಾಡಲು ಅಲ್ಲ. ಸಿನಿಮಾ ನನಗೂ ಇಷ್ಟ. ಗಂಡನ ಜೊತೆ ಕೂತು ಎರಡು ಸಲ ನೋಡಿದ್ದೇನೆ. ಎರಡನೇ ಸಲ ಒಂದು ಪ್ರಶ್ನೆ ತಲೆಯಲ್ಲಿ ಕೂತುಬಿಟ್ಟಿತು, ಇವತ್ತಿನವರೆಗೂ ಹೋಗಿಲ್ಲ. ಆ ಚಿನ್ನ ಯಾರದ್ದು?

ಸಿನಿಮಾ ಈ ಪ್ರಶ್ನೆ ಕೇಳುವುದೇ ಇಲ್ಲ. ಶತ್ರುವಿನ ಚಿನ್ನ, ಹಾಗಾಗಿ ತಗೊಂಡರೆ ತಪ್ಪಿಲ್ಲ ಅನ್ನುವ ಹಾಗೆ ಸಾಗುತ್ತೆ. ಆದರೆ ನಿಜವಾದ ನಾಜಿ ಚಿನ್ನದ ಕಥೆ ಓದಿದರೆ ಹೊಟ್ಟೆಯಲ್ಲಿ ಸಂಕಟ ಆಗುತ್ತೆ. ಬೆಲ್ಜಿಯಂ ತನ್ನ ಚಿನ್ನವನ್ನು ಕಾಪಾಡಲು ಫ್ರಾನ್ಸಿಗೆ ಕೊಟ್ಟಿತ್ತು. ಅದು ಆಫ್ರಿಕಾದ ಡಕಾರ್‌ವರೆಗೆ ಹೋಯಿತು. ಕೊನೆಗೆ ಜರ್ಮನರಿಗೆ ಮಣಿದಿದ್ದ ಫ್ರಾನ್ಸಿನ ವಿಶಿ ಸರ್ಕಾರ ಅದನ್ನು ಜರ್ಮನರ ಕೈಗೆ ಒಪ್ಪಿಸಿತು. ಹೀಗೆ ಬಂದ ಚಿನ್ನವನ್ನು ಜರ್ಮನಿಯ ಕೇಂದ್ರ ಬ್ಯಾಂಕ್ ಆಗಿದ್ದ ರೈಶ್‌ಬ್ಯಾಂಕ್ ಕರಗಿಸಿ, ಯುದ್ಧಕ್ಕೂ ಹಿಂದಿನ ವರ್ಷದ ಮುದ್ರೆ ಒತ್ತಿ, ಮೊದಲಿನಿಂದ ತನ್ನದೇ ಅಂತ ತೋರಿಸಿತು.

ಅದಕ್ಕಿಂತ ಘೋರವಾದದ್ದೂ ಇದೆ. ಕ್ಯಾಂಪುಗಳಲ್ಲಿ ಕೊಂದವರ ಉಂಗುರ, ಹಲ್ಲಿಗೆ ಕಟ್ಟಿಸಿದ ಚಿನ್ನ ಕೂಡ 1942ರಿಂದ ಅದೇ ಬ್ಯಾಂಕಿಗೆ ಹೋಗುತ್ತಿತ್ತು. ನಾಜಿಗಳ ಎಸ್ಎಸ್ ಪಡೆಯ ಅಧಿಕಾರಿಯೊಬ್ಬ ತಂದು ಕೊಟ್ಟು, ಲೆಕ್ಕ ಬರೆಸಿ ಹೋಗುತ್ತಿದ್ದ. 1945ರ ಏಪ್ರಿಲ್‌ನಲ್ಲಿ ಅಮೆರಿಕದ ಸೇನೆ ಜರ್ಮನಿಯ ಮೆರ್ಕರ್ಸ್ ಅನ್ನುವ ಕಡೆ ಗಣಿಯೊಳಗೆ ರೈಶ್‌ಬ್ಯಾಂಕಿನ ಚಿನ್ನ ಕಂಡುಹಿಡಿಯಿತು. 8,198 ಗಟ್ಟಿ. ಅದರ ಜೊತೆಗೇ ಸೂಟ್‌ಕೇಸುಗಳಲ್ಲಿ ತುಂಬಿದ ಇಂಥ ವಸ್ತುಗಳೂ ಸಿಕ್ಕವು. ಏಪ್ರಿಲ್ 12ರಂದು ಅಮೆರಿಕದ ಜನರಲ್‌ಗಳಾದ ಐಸೆನ್‌ಹೋವರ್, ಬ್ರ್ಯಾಡ್ಲಿ, ಪ್ಯಾಟನ್ ಮೂವರೂ ಆ ಗಣಿಗೆ ಇಳಿದು ನೋಡಿದರು. ಚಿನ್ನವನ್ನು ದೇಶಗಳಿಗೆ ಹಂಚಲು 1946ರಲ್ಲಿ ಅಮೆರಿಕ, ಬ್ರಿಟನ್, ಫ್ರಾನ್ಸ್ ಸೇರಿ ಆಯೋಗ ಮಾಡಿದವು. ಅದು ಬಾಗಿಲು ಮುಚ್ಚಿದ್ದು 1998ರಲ್ಲಿ. ಐವತ್ತು ವರ್ಷಕ್ಕೂ ಜಾಸ್ತಿ!

ನಾನು ಆಸ್ಪತ್ರೆಯಲ್ಲಿ ಕೆಲಸ ಮಾಡುವವಳು. ತೀರಿಕೊಂಡವರ ಕೈಯ ಬಳೆ, ಉಂಗುರ ಬಿಚ್ಚಿ, ಬರೆದುಕೊಂಡು, ಮನೆಯವರ ಕೈಗೆ ಕೊಡುವುದು ಎಂಥ ಕೆಲಸ ಅಂತ ನನಗೆ ಗೊತ್ತು. ಅದಕ್ಕೇ ಕೊನೆಯಲ್ಲಿ ಎಲ್ಲರೂ ನಗುತ್ತಾ ಪೆಟ್ಟಿಗೆ ತುಂಬುವಾಗ ನನಗೆ ಪೂರ್ತಿ ನಗಲು ಆಗುವುದಿಲ್ಲ.

ಹಳೇರೀಲು

ಮೇಡಂ, ನೀವು ಹೇಳಿದ್ದು ಸರಿ. ಇದು ಈ ಸಿನಿಮಾದ ನಿಜವಾದ ಕೊರತೆ. ನಾನು ಇಷ್ಟು ವರ್ಷ ನೋಡಿದರೂ ಆ ಪ್ರಶ್ನೆ ಕೇಳಿಕೊಂಡಿರಲಿಲ್ಲ.

ಇದೇ ಪ್ರಶ್ನೆಯನ್ನು ಹಿಡಿದು ಬಂದ ಇನ್ನೊಂದು ಸಿನಿಮಾ ಇದೆ. 1999ರ ‘ತ್ರೀ ಕಿಂಗ್ಸ್’. 1991ರ ಕೊಲ್ಲಿ ಯುದ್ಧ ಈಗಷ್ಟೇ ಮುಗಿದಿದೆ. ಸದ್ದಾಂ ಸೇನೆ ಕುವೈತ್‌ನಿಂದ ದೋಚಿದ ಚಿನ್ನವನ್ನು ದೋಚಲು ನಾಲ್ವರು ಅಮೆರಿಕನ್ ಸೈನಿಕರು ಹೊರಡುತ್ತಾರೆ. ಶುರುವಿನಲ್ಲಿ ಅದೇ ಹುಮ್ಮಸ್ಸು, ಅದೇ ತಮಾಷೆ. ಆದರೆ ಚಿನ್ನದ ಪಕ್ಕದಲ್ಲೇ ಜನ ಇದ್ದಾರೆ. ಹೊಡೆಸಿಕೊಳ್ಳುತ್ತಿರುವವರು, ಓಡಿಹೋಗಬೇಕಾದವರು. ಅವರನ್ನು ಗಡಿ ದಾಟಿಸಲು ಕೊನೆಗೆ ಚಿನ್ನವನ್ನೇ ಬಿಟ್ಟುಕೊಡಬೇಕಾಗುತ್ತೆ. 1970ರಲ್ಲಿ ಕೇಳದೆ ಬಿಟ್ಟದ್ದನ್ನು 1999ರಲ್ಲಿ ಕೇಳಿದರು ಅನ್ನಿಸುತ್ತೆ.

ಆದರೂ ಕೆಲ್ಲಿಯ ಪರವಾಗಿ ಒಂದು ಮಾತು ಹೇಳಬೇಕು. ಬ್ಯಾಂಕಿನ ಮುಂದೆ ಆಡ್‌ಬಾಲ್‌ನ ಕೊನೆಯ ಷರ್ಮನ್ ಕೆಟ್ಟು ನಿಲ್ಲುತ್ತೆ. ಎದುರಿಗೆ ಕೊನೆಯ ಟೈಗರ್. ಕೆಲ್ಲಿ, ಬಿಗ್ ಜೋ, ಆಡ್‌ಬಾಲ್ ಮೂವರೂ ಈಸ್ಟ್‌ವುಡ್‌ನ ಹಳೇ ಕೌಬಾಯ್ ಸಿನಿಮಾಗಳ ಥರದ ಸಂಗೀತದ ಜೊತೆ ನಿಧಾನವಾಗಿ ನಡೆದುಬರುತ್ತಾರೆ. ಗುಂಡು ಹಾರುತ್ತೆ ಅಂತ ನಾವು ಉಸಿರು ಹಿಡಿದಿರುತ್ತೇವೆ. ಅವರು ಮಾತಾಡುತ್ತಾರೆ! ಆ ಜರ್ಮನ್ ಕಮಾಂಡರ್‌ಗೆ ತಾನು ಏನನ್ನು ಕಾಯುತ್ತಿದ್ದೇನೆ ಅನ್ನುವುದೇ ಗೊತ್ತಿಲ್ಲ. ಕಾಯಿ ಅಂದರು, ಕಾಯುತ್ತಿದ್ದಾನೆ. ಅವನಿಗೂ ಒಂದು ಪಾಲು ಅಂತ ಒಪ್ಪಂದ ಆಗುತ್ತೆ. ಟೈಗರ್‌ನ ಫಿರಂಗಿಯೇ ಬ್ಯಾಂಕಿನ ಬಾಗಿಲು ಒಡೆಯುತ್ತೆ. ನಾನು ಮೇಲೆ ಕಾರಣದ ಬಗ್ಗೆ ಹೇಳಿದೆನಲ್ಲ, ಅದು ಎರಡೂ ಕಡೆಯವರಿಗೆ ಒಂದೇ ಅಂತ ತೋರಿಸುವುದು ಈ ದೃಶ್ಯ. ಆದೇಶ ಬಿಟ್ಟರೆ ಆ ಇಬ್ಬರ ನಡುವೆ ಜಗಳವೇ ಇರಲಿಲ್ಲ.

ಇಸಾರ್ ದಂಡೆ

ನಾನು ಮ್ಯೂನಿಕ್‌ನಲ್ಲಿ ಇರುವ ಕನ್ನಡಿಗ. ಈ ಚರ್ಚೆಯಲ್ಲಿ ಯಾರಾದರೂ ದಕ್ಷಿಣ ಜರ್ಮನಿಯ ಬವೇರಿಯಾದ ಮಾತು ಎತ್ತುತ್ತಾರಾ ಅಂತ ಕಾಯುತ್ತಿದ್ದೆ.

ಈ ಸಿನಿಮಾದ ಹಿಂದೆ ಒಂದು ನಿಜ ಘಟನೆಯ ನೆರಳಿದೆ. ಹಳೇ ಗಿನ್ನೆಸ್ ದಾಖಲೆ ಪುಸ್ತಕಗಳಲ್ಲಿ ಜಗತ್ತಿನ ಅತಿ ದೊಡ್ಡ ದರೋಡೆ ಅಂತ ಒಂದು ನಮೂದು ಇರುತ್ತಿತ್ತು. 1945ರಲ್ಲಿ ಬವೇರಿಯಾದಲ್ಲಿ ಅಮೆರಿಕದ ಕೆಲವು ಸೇನಾ ಮಂದಿ ಮತ್ತು ಜರ್ಮನ್ ನಾಗರಿಕರು ಸೇರಿ ಜರ್ಮನಿಯ ಚಿನ್ನದ ಸಂಗ್ರಹ ಮಾಯ ಮಾಡಿದ್ದು. ಮೇಡಂ ಹೇಳಿದ ಮೆರ್ಕರ್ಸ್ ಚಿನ್ನ ಸಿಕ್ಕಿದ ಮೇಲೆ ಬರ್ಲಿನ್‌ನಲ್ಲಿ ಉಳಿದದ್ದನ್ನು ಜರ್ಮನರು ದಕ್ಷಿಣಕ್ಕೆ ಸಾಗಿಸಿದರು. ಆಲ್ಪ್ಸ್ ತಪ್ಪಲಿನ ಮಿಟ್ಟನ್‌ವಾಲ್ಡ್‌ಗೆ ಬಂತು. ಅಲ್ಲಿನ ಪರ್ವತ ಪಡೆಯವರು ಹೇಸರಗತ್ತೆಗಳ ಮೇಲೆ ಹೇರಿ, ವಾಲ್ಖೆನ್‌ಸೇ ಸರೋವರದ ಮೇಲಿನ ಕಾಡಿನಲ್ಲಿ ಗುಂಡಿ ತೋಡಿ ಹೂತರು. ಜೂನ್‌ನಲ್ಲಿ ಅಮೆರಿಕದವರು ಅಲ್ಲಿಂದ 728 ಗಟ್ಟಿ ಹೊರತೆಗೆದರು. ಆದರೆ ಎಲ್ಲ ಚಿನ್ನದ, ಎಲ್ಲ ಹಣದ ಲೆಕ್ಕ ಯಾವತ್ತೂ ಹೊಂದಲಿಲ್ಲ.

ಕಳೆದ ಬೇಸಿಗೆಯಲ್ಲಿ ಆ ಸರೋವರಕ್ಕೆ ಹೋಗಿದ್ದೆ. ಇಲ್ಲಿಂದ ರೈಲು, ಆಮೇಲೆ ಬಸ್ಸು. ನೀರು ಹಸಿರು ನೀಲಿ, ತಳ ಕಾಣುವಷ್ಟು ತಿಳಿ. ಮಕ್ಕಳು ಈಜುತ್ತಿದ್ದರು. ಮೇಲೆ ಕಾಡಿನ ದಾರಿ ಹತ್ತುವಾಗ ನನ್ನ ಮಗಳು ಪ್ರತಿ ತಗ್ಗಿನ ಹತ್ತಿರ ನಿಂತು, ಅಪ್ಪಾ, ಇಲ್ಲೇ ಇತ್ತಾ ಅಂತ ಕೇಳುತ್ತಿದ್ದಳು. ಕೆಳಗೆ ಬಂದು ಕೂತಾಗ ನನಗೂ ರಾತ್ರಿಪಾಳಿ ಮೇಡಂ ಕೇಳಿದ ಪ್ರಶ್ನೆಯೇ ಬಂತು. ಮಗಳಿಗೆ ಅದನ್ನು ಹೇಗೆ ಹೇಳುವುದು ಅಂತ ತಿಳಿಯಲಿಲ್ಲ. ಅವಳಿಗೆ ಈಗ ಎಂಟು ವರ್ಷ. ಇನ್ನು ಸ್ವಲ್ಪ ವರ್ಷ ಆಗಲಿ, ಹೇಳುತ್ತೇನೆ.

ಸೀಬೆಹಣ್ಣು

ಗಂಭೀರ ಆಯಿತು, ಆದರೆ ಒಳ್ಳೇದಾಯಿತು. ಇನ್ನೊಂದು ಸಿನಿಮಾ ಸೇರಿಸುತ್ತೇನೆ. ‘ದಿ ಸೀಕ್ರೆಟ್ ಆಫ್ ಸಾಂತಾ ವಿಟ್ಟೋರಿಯಾ’, 1969. ಇದು ತಿರುಗಾ ಮುರುಗಾ ದರೋಡೆ. ಇಟಲಿಯ ಒಂದು ಬೆಟ್ಟದ ಊರು, ಜರ್ಮನರು ವೈನ್ ದೋಚಲು ಬರುತ್ತಿದ್ದಾರೆ. ಊರಿನವರು ತಮ್ಮ ಹತ್ತು ಲಕ್ಷ ಬಾಟಲಿಗಳನ್ನು ತಾವೇ ಕದ್ದು ಬಚ್ಚಿಡಬೇಕು! ಮುದುಕಿಯರು, ಮಕ್ಕಳು, ಪಾದ್ರಿ, ಎಲ್ಲರೂ ಸಾಲಾಗಿ ನಿಂತು ಕೈಯಿಂದ ಕೈಗೆ ಬಾಟಲಿ ದಾಟಿಸುವ ದೃಶ್ಯ ಇದೆ. ನಮ್ಮೂರಿನಲ್ಲಿ ಮಳೆ ಬರುವ ಮೊದಲು ಕಣದಿಂದ ಭತ್ತದ ಮೂಟೆ ಒಳಗೆ ಸಾಗಿಸುವ ಹಾಗೇ. ಮೇಯರ್ ಆಗಿ ಆಂಥೋನಿ ಕ್ವಿನ್, ಅವನ ಹೆಂಡತಿಯಾಗಿ ಆನ್ನಾ ಮ್ಯಾಗ್ನಾನಿ. ರಾತ್ರಿಪಾಳಿ ಅಕ್ಕ, ಇದನ್ನು ನೀವು ಪೂರ್ತಿ ನಗುತ್ತಾ ನೋಡಬಹುದು. ಆ ವೈನ್ ಯಾರದ್ದು ಅಂತ ಇಲ್ಲಿ ಅನುಮಾನವೇ ಇಲ್ಲ.

ರಾತ್ರಿಪಾಳಿ

ಈ ವಾರದ ರಜೆಗೆ ಇದೇ ಸಿನಿಮಾ. ಥ್ಯಾಂಕ್ಸ್ ಕಣಮ್ಮಾ.

ಕೋಲಾರದ ಕಲ್ಲು

ಎಲ್ಲರೂ ಚಿನ್ನದ ಬಗ್ಗೆ ಮಾತಾಡುತ್ತಿದ್ದೀರಿ. ಕೆಜಿಎಫ್‌ನವನಾಗಿ ನಾನು ಸುಮ್ಮನಿದ್ದರೆ ಹೇಗೆ?

ಮೊದಲು ತೂಕದ ಲೆಕ್ಕ. ಚಿನ್ನ ಎಷ್ಟು ಭಾರ ಅಂತ ಸಿನಿಮಾ ಮಾಡುವವರು ಮರೆತುಬಿಡುತ್ತಾರೆ. ಒಂದು ಲೀಟರ್ ನೀರಿನ ಬಾಟಲಿಯ ತುಂಬ ಚಿನ್ನ ಹೊಯ್ದರೆ 19 ಕೆಜಿ ದಾಟುತ್ತೆ. ದೇಶಗಳ ಬ್ಯಾಂಕುಗಳು ಇಟ್ಟುಕೊಳ್ಳುವ ಗಟ್ಟಿ ಸುಮಾರು ಹನ್ನೆರಡೂವರೆ ಕೆಜಿ. ಅಂಥ 14,000 ಗಟ್ಟಿ ಅಂದರೆ ಹತ್ತಿರ ಹತ್ತಿರ 174 ಟನ್. ಆಗಿನ ಅಮೆರಿಕದ ಸೇನೆಯ ಎರಡೂವರೆ ಟನ್ನಿನ ಲಾರಿಗಳಾದರೆ ಎಪ್ಪತ್ತು ಬೇಕು.

ಈಗ ಬೆಲೆ ನೋಡಿ. ಆಗ ಒಂದು ಔನ್ಸಿಗೆ 35 ಡಾಲರ್. 174 ಟನ್ ಆದರೆ ಹತ್ತೊಂಬತ್ತೂವರೆ ಕೋಟಿ ಡಾಲರ್ ಆಗಬೇಕು. ಸಿನಿಮಾದಲ್ಲಿ ಹೇಳುವುದು ಒಂದು ಕೋಟಿ 60 ಲಕ್ಷ. ತಪ್ಪು ಲೆಕ್ಕ ಅಂತ ಮೊದಲು ಅಂದುಕೊಂಡೆ. ಆಮೇಲೆ ಗಟ್ಟಿಗೆ ಒಂದು ಕೆಜಿ ಅಂತ ಹಿಡಿದು ನೋಡಿದೆ. 14,000 ಕೆಜಿ, ಔನ್ಸಿಗೆ 35 ಡಾಲರ್. ಒಂದು ಕೋಟಿ 57 ಲಕ್ಷ ಚಿಲ್ಲರೆ! ಸರಿಹೋಯಿತು. ಅಂದರೆ ಬರೆದವರ ಮನಸ್ಸಿನಲ್ಲಿ ಇದ್ದದ್ದು ಒಂದು ಕೆಜಿ ಗಟ್ಟಿ. ಅದು ಚಿಕ್ಕ ಚಾಕೊಲೇಟ್ ಬಾರಿನಷ್ಟೇ ಇರುತ್ತೆ. ತೆರೆಯ ಮೇಲೆ ಚೆನ್ನಾಗಿ ಕಾಣಲಿ ಅಂತ ದೊಡ್ಡ ಗಟ್ಟಿ ಇಟ್ಟಿದ್ದಾರೆ. ಹಾಗೆ ನೋಡಿದರೂ 14 ಟನ್ ಆಯಿತು, ಐದಾರು ಲಾರಿ ಬೇಕೇ ಬೇಕು. ಇದನ್ನು ಕಂಡುಹಿಡಿದ ದಿನ ನನಗೆ ಆದ ಖುಷಿ ಹೇಳಲು ಆಗಲ್ಲ.

ಟ್ಯಾಂಕ್ ಹುಚ್ಚು

ಗುರು, ಕೈ ಕೊಡು! ನಾನು ಇಷ್ಟು ವರ್ಷ ಚಕ್ರ ಎಣಿಸುತ್ತಾ ಕೂತೆ, ಈ ಲೆಕ್ಕ ಹೊಳೆಯಲೇ ಇಲ್ಲ.

ಮಂಜಿನೂರು

ಲೆಕ್ಕ ಚೆನ್ನಾಗಿದೆ ಮಗಾ. ನಿಮ್ಮ ಮನೆಯಲ್ಲಿ ಗಣಿ ಕೆಲಸದವರು ಇದ್ದರಾ?

ಕೋಲಾರದ ಕಲ್ಲು

ಹೌದು ಸಾರ್. ನಮ್ಮಪ್ಪ ಗಣಿಯಲ್ಲಿದ್ದರು, 2001ರಲ್ಲಿ ಗಣಿ ಮುಚ್ಚುವವರೆಗೂ. ಅದಕ್ಕೂ ಮೊದಲು ತಾತ. ಪಾಳಿ ಮುಗಿಸಿ ಮೇಲೆ ಬಂದರೆ ಗೇಟಿನಲ್ಲಿ ಮೈ ತಡವಿ ನೋಡಿ ಬಿಡುತ್ತಿದ್ದರು. ಊಟದ ಡಬ್ಬಿ ಕೂಡ ತೆಗೆಸುತ್ತಿದ್ದರು. ನೂರಿಪ್ಪತ್ತು ವರ್ಷ ಆ ನೆಲದಿಂದ ಚಿನ್ನ ಹೋಯಿತು, 800 ಟನ್ ಅಂತಾರೆ. ಅಪ್ಪ ಒಂದು ಸಲವೂ ಗಟ್ಟಿಯನ್ನು ಕೈಯಲ್ಲಿ ಹಿಡಿದಿಲ್ಲ. ಅವರು ಕಂಡದ್ದು ಬಿಳಿ ಕಲ್ಲು, ಕತ್ತಲೆ, ಕಾವು.

ಹೋದ ವರ್ಷ ಅವರ ಜೊತೆ ಈ ಸಿನಿಮಾ ನೋಡಿದೆ. ಇಂಗ್ಲಿಷ್ ಮಾತು ಅವರಿಗೆ ಅಷ್ಟು ಅರ್ಥ ಆಗಲ್ಲ, ನಾನು ಪಕ್ಕದಲ್ಲಿ ಕೂತು ಹೇಳುತ್ತಿದ್ದೆ. ಆಡ್‌ಬಾಲ್ ನಾಯಿಯ ಹಾಗೆ ಬೊಗಳಿದಾಗ ನಕ್ಕರು. ಮೈನ್ ಹೊಲದಲ್ಲಿ ನನ್ನ ಕೈ ಹಿಡಿದುಕೊಂಡರು. ಅವರಿಗೆ ಕಲ್ಲು ಸಿಡಿದು ಕುಸಿದದ್ದು ಗೊತ್ತು, ಒಳಗೆ ಸಿಕ್ಕಿಕೊಂಡವರು ಗೊತ್ತು. ಬ್ಯಾಂಕಿನ ಬಾಗಿಲು ಒಡೆದು ಪೆಟ್ಟಿಗೆ ತೆಗೆದಾಗ ಮುಂದಕ್ಕೆ ಬಾಗಿ ಕೂತರು. ಒಂದೂ ಮಾತಿಲ್ಲ.

ಮುಗಿದ ಮೇಲೆ ಟೀ ಮಾಡಿ ತಂದೆ. ಅಪ್ಪ ಬೆರಳು ಮಡಿಸಿ ಏನೋ ಎಣಿಸುತ್ತಿದ್ದರು. ಏನಪ್ಪಾ ಅಂದೆ. ಎಷ್ಟು ಜನಕ್ಕೆ ಪಾಲು ಬಂತು ಅಂತ ನೋಡುತ್ತಿದ್ದೀನಿ ಅಂದರು. ಆಮೇಲೆ ಕೇಳಿದರು: ಹೊಲದಲ್ಲಿ ಹೋದರಲ್ಲ ಆ ಮೂರು ಹುಡುಗರು, ಅವರ ಪಾಲು ಅವರ ಮನೆಗೆ ಕಳಿಸಿದ್ರೇನೋ?

ನನಗೆ ಉತ್ತರ ನೆನಪಿರಲಿಲ್ಲ. ಟೀ ಲೋಟ ಕೆಳಗಿಟ್ಟು, ಇಬ್ಬರೂ ಸೇರಿ ಕೊನೆಯ ಭಾಗವನ್ನು ಮತ್ತೆ ಮೊದಲಿಂದ ಹಾಕಿದೆವು.